ಕೈ ತೊಳೆಸುವ ಕೆಲಸ

ಆಯುಷ್ಯದ ಬಹುಪಾಲು ಬಟ್ಟೆ ಅಂಗಡಿಯ ಗಲ್ಲಾದ ಹಿಂದೆ ಕೂತವನು ನಾನು. ಬಣ್ಣ ಸರಿಯಿಲ್ಲ, ಅಂಚು ಸರಿಯಿಲ್ಲ ಎಂದು ಮೂಗು ಮುರಿದವರಿಗೂ ರೇಷ್ಮೆ ಸೀರೆ ಮಾರಿ ಕಳಿಸಿದ್ದೇನೆ. ಆದರೆ ನಾಲ್ಕು ವರ್ಷದ ಮೊಮ್ಮಗಳು ಚಿನ್ನಿಯನ್ನು ಒಲಿಸಿ, ಬೆರಳ ಸಂದಿಗೆ ಸೋಪು ಹಚ್ಚಿಸುವಷ್ಟರಲ್ಲಿ ನನ್ನ ಮಾತಿನ ಬಂಡವಾಳವೆಲ್ಲ ಕರಗಿಹೋಯಿತು. ಅಂಗೈಯನ್ನು ಒಮ್ಮೆ ನೀರಿಗೆ ತೋರಿಸಿ, ಲಂಗಕ್ಕೆ ಒರೆಸಿಕೊಂಡು, "ಆಯ್ತು ತಾತ" ಎಂದು ಓಡುವುದೇ ಅವಳ ಪ್ರಕಾರ ಕೈ ತೊಳೆಯುವುದು. ಕೈಗಿಂತ ತೋಳೇ ಹೆಚ್ಚು ನೆನೆದಿರುತ್ತಿತ್ತು.

ಈ ಕೆಲಸ ನನ್ನ ಪಾಲಿಗೆ ಬಂದಿದ್ದು ಬೇಸರದ ಕಾರಣಕ್ಕೆ. ನನ್ನ ಹೆಂಡತಿ ಗಿರಿಜೆಗೆ ಕ್ಯಾನ್ಸರ್ ಎಂದು ಗೊತ್ತಾಗಿ, ನರಕ್ಕೆ ಔಷಧಿ ಹತ್ತಿಸಲು ಶುರುಮಾಡಿದ್ದರು. ಮೈಯಲ್ಲಿ ಕಸುವಿಲ್ಲ, ಸಣ್ಣ ಸೋಂಕು ತಗುಲಿದರೂ ಕಷ್ಟ, ಹತ್ತಿರ ಹೋಗುವವರೆಲ್ಲ ಕೈ ತೊಳೆದೇ ಹೋಗಬೇಕು ಎಂದರು ಡಾಕ್ಟರು. ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಚಿನ್ನಿಗೋ ಅಜ್ಜಿಯ ಮಡಿಲು ಬಿಟ್ಟರೆ ಬೇರೆ ಜಗತ್ತಿಲ್ಲ. ಹಾಗಾಗಿ ಅಜ್ಜಿಯ ಕೋಣೆಯ ಬಾಗಿಲಲ್ಲಿ ಕಾವಲಿಗೆ ನಾನು ನಿಂತೆ.

ಕೈ ತೊಳೆಯುವ ವಿಷಯದಲ್ಲಿ ನಮ್ಮ ಜನ ಯಾರಿಗೂ ಕಡಿಮೆಯಿಲ್ಲ. ತೊಳೆಯುವ ಹೊತ್ತು ಮಾತ್ರ ತುಸು ತಡ. ಊಟಕ್ಕೆ ಮುಂಚೆ ನಾಲ್ಕು ಹನಿ ಚಿಮುಕಿಸಿಕೊಂಡು ಕೂತುಬಿಡುತ್ತೇವೆ. ಉಂಡ ಮೇಲೆ ನೋಡಬೇಕು ನಮ್ಮ ಶಿಸ್ತು! ಮೊಣಕೈವರೆಗೆ ನೀರು, ಉಗುರಿನ ತುದಿ ತಿಕ್ಕುವುದು, ಬಾಯಿ ಮುಕ್ಕಳಿಸುವುದು. ಕೊಳೆ ಊರಿನದು, ಎಂಜಲು ನಮ್ಮದು. ಊರಿನ ಕೊಳೆಯನ್ನು ಸಲೀಸಾಗಿ ಹೊಟ್ಟೆಗೆ ಕಳಿಸಿ, ನಮ್ಮ ಎಂಜಲು ಮಾತ್ರ ಊರಿಗೆ ತಾಗಬಾರದೆಂದು ಕಾಯುತ್ತೇವಲ್ಲ, ಇದೂ ಒಂದು ದೊಡ್ಡ ಗುಣವೇ ಇರಬೇಕು. ಇದನ್ನು ಚಿನ್ನಿಗೆ ತಿರುವುಮುರುವಾಗಿ ಕಲಿಸುವುದೆಂದರೆ ಮೊದಲು ನಾನೇ ಕಲಿಯಬೇಕಿತ್ತು. ಸೋಪು ಹುಡುಕಿಕೊಂಡು ಊಟಕ್ಕೆ ಮೊದಲೇ ಎದ್ದು ಹೋದ ದಿನ ಗಿರಿಜೆ ಮಲಗಿದಲ್ಲಿಂದಲೇ ನಕ್ಕಿದ್ದಳು. "ಈ ವಯಸ್ಸಲ್ಲಿ ಬುದ್ಧಿ ಬಂತು ಕಣ್ರೀ ನಿಮ್ಗೆ!"

ಇದರ ನಡುವೆ ಇನ್ನೊಂದು ಪೇಚು. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ಬಳಿದು, ಆ ನೀರನ್ನೂ ಕುಡಿಯುವುದು ನಮ್ಮಂಥ ಮಠದ ಒಕ್ಕಲಿನ ಮನೆಗಳ ರೂಢಿ. ಉಣ್ಣುವುದೆಲ್ಲ ಪ್ರಸಾದ, ಅದರ ಒಂದಗುಳೂ ಚೆಲ್ಲಬಾರದು. ಗಿರಿಜೆ ಎರಡು ತುತ್ತು ಗಂಜಿ ಉಂಡರೂ ಇದನ್ನು ಬಿಟ್ಟವಳಲ್ಲ. ಅದನ್ನು ನೋಡಿದ ಚಿನ್ನಿ, ಒಂದು ದಿನ ಕೈ ತೊಳೆದ ಬೋಗುಣಿಯ ಸೋಪಿನ ನೀರನ್ನು ಭಕ್ತಿಯಿಂದ ಬಾಯಿಗೆತ್ತಿಬಿಟ್ಟಳು! ಕಕ್ಕಿಸಿ, ಕೆಮ್ಮಿಸಿ, ಹಾಲು ಕುಡಿಸುವಷ್ಟರಲ್ಲಿ ನನಗೆ ಅರ್ಧ ಜೀವ ಹೋಗಿತ್ತು.

ಮಕ್ಕಳಿಗೆ ಏನಾದರೂ ಕಲಿಸಬೇಕಾದರೆ ನಮಗೆ ಗೊತ್ತಿರುವ ದಾರಿ ಒಂದೇ, ಹೆದರಿಸುವುದು. ಉಣ್ಣದಿದ್ದರೆ ಗುಮ್ಮ, ಮಲಗದಿದ್ದರೆ ಪೊಲೀಸು, ಸುಳ್ಳು ಹೇಳಿದರೆ ದೇವರು ಕಣ್ಣು ಕೀಳುತ್ತಾನೆ. ಮುದ್ದು, ಲಂಚ, ಹಾಡು ಯಾವುದೂ ನಡೆಯದೆ ಮನೆಯವರೆಲ್ಲ ಅದೇ ದಾರಿ ಹಿಡಿದೆವು. "ಕೈ ತೊಳೀದೆ ಮುಟ್ಟಿದ್ರೆ ಅಜ್ಜಿಗೆ ಜ್ವರ ಬಂದ್ಬುಡುತ್ತೆ ನೋಡು!" ಮಾತು ನಾಟಿತು. ಅಂದಿನಿಂದ ಚಿನ್ನಿ ಹೇಳಿಸಿಕೊಳ್ಳದೆ ನಲ್ಲಿಗೆ ಹೋಗತೊಡಗಿದಳು. ನಾನು ಮೀಸೆ ತಿರುವಿಕೊಂಡೆ.

ಗಿರಿಜೆಗೆ ಜ್ವರ ಬಂತು. ಅದು ಔಷಧಿಯ ಜೊತೆಗೇ ಬರುವ ಜ್ವರ ಎಂದರು ಆಸ್ಪತ್ರೆಯಲ್ಲಿ. ಒಂದು ವಾರ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದು ಕಳಿಸಿದರು. ಆ ಮಾತಿನ ಅರ್ಥ ನಮಗೆಲ್ಲ ತಿಳಿಯಿತು. ಅವಳು ಮನೆಗೆ ಬಂದವಳೇ ಕೇಳಿದ್ದು ಚಿನ್ನಿಯನ್ನು. ಚಿನ್ನಿ ಬಾಗಿಲವರೆಗೆ ಬಂದಳು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ಒಳಗೆ ಕಾಲಿಡಲಿಲ್ಲ. ಎತ್ತಿಕೊಳ್ಳಲು ಹೋದೆ. ಅಂಗೈ ಸುಲಿದು ಕೆಂಪಾಗಿತ್ತು. ಯಾರೂ ನೋಡದಾಗ ಮತ್ತೆ ಮತ್ತೆ ತೊಳೆಯುತ್ತಿದ್ದಳಂತೆ.

"ಬೇಡ ತಾತ. ನನ್ ಕೈಯಿಂದಾನೇ ಅಜ್ಜಿಗೆ ಜ್ವರ ಬಂತು" ಎಂದಳು.

ಇಲ್ಲ ಕಂದ, ಅದು ಔಷಧಿಯ ಜ್ವರ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಗುಮ್ಮನನ್ನು ಕರೆಯುವುದು ಸುಲಭ, ವಾಪಸು ಕಳಿಸುವ ಮಂತ್ರ ಯಾವ ತಾತನಿಗೂ ಬರುವುದಿಲ್ಲ. ಆ ಕಡೆ ಗಿರಿಜೆಯ ದಿನಗಳು ಮುಗಿಯುತ್ತಿದ್ದವು, ಈ ಕಡೆ ಮಗು ಹೊಸ್ತಿಲು ದಾಟುತ್ತಿರಲಿಲ್ಲ.

ಕೊನೆಗೆ ದಾರಿ ಕಂಡುಕೊಂಡವಳು ಗಿರಿಜೆಯೇ. ಒಂದು ಬೆಳಿಗ್ಗೆ ದನಿ ತೆಗೆದು ಗೊಣಗಿದಳು. "ಚಿನ್ನೀ, ನನ್ ಕೈ ಯಾರೂ ಸರಿಯಾಗಿ ತೊಳೀತಿಲ್ಲ ಕಣೇ. ನಿಮ್ ತಾತ ಬರೀ ಒದ್ದೆ ಬಟ್ಟೇಲಿ ಒರೆಸ್ಬುಡ್ತಾರೆ. ನೀನೇ ಬಂದು ತೊಳ್ಸೇ."

ಚಿನ್ನಿ ನನ್ನ ಮುಖ ನೋಡಿದಳು. ನಾನು ಬೋಗುಣಿಗೆ ಬಿಸಿನೀರು ತುಂಬಿಸಿ ಹಾಸಿಗೆಯ ಮೇಲಿಟ್ಟೆ. ಅವಳು ಮೆಲ್ಲಗೆ ಒಳಗೆ ಬಂದು, ಸೂಜಿ ಚುಚ್ಚಿ ನೀಲಿಗಟ್ಟಿದ ಆ ಕೈಯನ್ನು ನೀರಿನೊಳಗೇ ಹಿಡಿದುಕೊಂಡಳು. "ಹೆಬ್ಬೆಟ್ಟು ಆಚೇನೇ ಬಿಟ್ಬುಟ್ಟೆ ನೋಡು ಅಜ್ಜಿ" ಎಂದು ಗದರಿದಳು. ನೀರು ತಣ್ಣಗಾಗುವವರೆಗೂ ಇಬ್ಬರೂ ಕೈ ಬಿಡಲಿಲ್ಲ. ಆಮೇಲೆ ಮಗು ಅವಳ ಪಕ್ಕದಲ್ಲೇ ಮಲಗಿ ನಿದ್ದೆಹೋಯಿತು. ಗಿರಿಜೆ ಆ ವಾರ ಕಳೆಯುವುದರೊಳಗೆ ಹೋದಳು.

ಈಗ ಮನೆಯಲ್ಲಿ ಯಾರನ್ನೂ ಹೆದರಿಸುವುದಿಲ್ಲ. ಮೊನ್ನೆ ಸಂಜೆ ಚಿನ್ನಿ ಅಂಗಳದ ಮಣ್ಣಿನಲ್ಲಿ ಆಡಿ, ನಲ್ಲಿಯ ಕಡೆ ತಿರುಗಿಯೂ ನೋಡದೆ ಒಳಗೆ ಹೊರಟಳು. "ಕೈ ತೊಳ್ಕೊಳಮ್ಮ" ಎಂದೆ.

"ಅಜ್ಜಿ ಇಲ್ವಲ್ಲ ತಾತ. ಇನ್ಯಾರಿಗೆ ತೊಳೀಲಿ?"

ಹೊಟ್ಟೆಯ ಹುಳು, ಕ್ರಿಮಿ, ಜ್ವರ ಎಲ್ಲವೂ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡೆ. ಕೊನೆಗೆ ಇದ್ದ ನಿಜವನ್ನೇ ಹೇಳಿದೆ. "ಒಬ್ನೇ ತೊಳ್ಕೊಳ್ಳೋಕೆ ನಂಗೆ ಬೇಜಾರು ಕಣಮ್ಮ. ಜೊತೆಗೆ ಬಾ."

ಬಂದಳು. ನಲ್ಲಿಯ ಕೆಳಗೆ ನಮ್ಮಿಬ್ಬರ ಕೈಗಳು ಸೇರಿದವು. ಸೋಪು ಜಾರಿಸುತ್ತಾ, ಮುಖ ಎತ್ತದೆ ಕೇಳಿದಳು:

"ನಾಳೇನೂ ಬೇಜಾರಾಗುತ್ತಾ ತಾತ?"

"ಆಗುತ್ತೆ ಕಣಮ್ಮ."

"ಹಂಗಾದ್ರೆ ನಾಳೇನೂ ತೊಳ್ಕೊಳ್ಳೋಣ."