ಡೈನಮೊ ಮೇಲಿನ ವಿಭೂತಿ

ನನಗೆ ಕಾರಿನ ಬಾನೆಟ್ ತೆಗೆಯಲು ಬರುತ್ತದೆ. ಅದರ ಮುಂದಿನದು ಏನೂ ಬರುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಒಳಗೆಲ್ಲ ಕಣ್ಣಾಡಿಸಿ, ತಿಳಿದವರ ಹಾಗೆ ‘ಹೂಂ’ ಅನ್ನುತ್ತೇನೆ. ಆ ಒಂದು ಹೂಂಕಾರದಲ್ಲೇ ಇವನಿಗೆ ಏನೂ ಗೊತ್ತಿಲ್ಲ ಎಂಬುದು ಮೆಕ್ಯಾನಿಕ್ಕುಗಳಿಗೆ ತಿಳಿದುಬಿಡುತ್ತದೆ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಎರಡು ಉತ್ತರಪತ್ರಿಕೆ ಪಕ್ಕಪಕ್ಕ ಇಟ್ಟರೆ ಯಾರದನ್ನು ನೋಡಿ ಯಾರು ಬರೆದರು ಎಂದು ಹೇಳಬಲ್ಲೆ. ಗ್ಯಾರೇಜಿನಲ್ಲಿ ಮಾತ್ರ ಹಾಡಹಗಲೇ, ಕಣ್ಣು ತೆರೆದುಕೊಂಡೇ ಮೋಸ ಹೋಗುತ್ತೇನೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡ ವರ್ಷವೇ ಕಿತ್ತೂರಿನ ಹತ್ತಿರ ಹಾರ್ನ್ ಬಂದ್ ಆಯಿತೆಂದು ಹೈವೇ ಪಕ್ಕದ ಒಂದು ಗ್ಯಾರೇಜಿಗೆ ಹೊಕ್ಕೆ. ಹೊರಗೆ ಬರುವಾಗ ಕ್ಲಚ್ ಪ್ಲೇಟ್ ಹೊಸದಾಗಿತ್ತು, ಹಾರ್ನ್ ಹಾಗೆಯೇ ಇತ್ತು. ಸವದತ್ತಿಯಲ್ಲಿ ಒಬ್ಬ ಪುಣ್ಯಾತ್ಮ ಒಳಗೆ ಇಣುಕಿದವನೇ ನಾಲಿಗೆಯಿಂದ ಲೊಚಗುಟ್ಟಿ, “ಇಷ್ಟ ದಿನಾ ಇದನ್ನ ಹೆಂಗ ಓಡಿಸಿದ್ರಿ ಸರ? ದೇವರು ದೊಡ್ಡಾಂವ ಅದಾನ” ಅಂದ. ನಾನು ಹೆದರಿ ಅವನು ಹೇಳಿದ್ದನ್ನೆಲ್ಲ ಹಾಕಿಸಿದೆ. ರಾಮದುರ್ಗದವನು ಆಯಿಲ್ ಬದಲಿಸಿದೆನೆಂದು ಹೇಳಿ ಕಳಿಸಿದ. ಮನೆಗೆ ಬಂದು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಕಾಡಿಗೆಯಷ್ಟು ಕಪ್ಪು. “ಮೂಗಿಗಿಂತ ಮೂಗುತಿ ಭಾರ ಆತು ನಿಮ್ಮ ಗಾಡಿ” ಎಂದು ಹೆಂಡತಿ ಹಂಗಿಸುತ್ತಿದ್ದಳು. ಸಿಟ್ಟು ಬರುತ್ತಿತ್ತು. ಆದರೆ ಯಾರ ಮೇಲೆ ಸಿಟ್ಟಾಗುವುದು? ಅವನು ಹೇಳಿದ್ದು ಸುಳ್ಳು ಎನ್ನಲು ನನಗೆ ನಿಜ ಗೊತ್ತಿರಬೇಕಲ್ಲ.

ಕೊನೆಗೆ ನಮ್ಮ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮಾಸ್ತರರು ಒಂದು ಉಪಾಯ ಹೇಳಿಕೊಟ್ಟರು. “ಹೊಸಾದು ಹಾಕೇನಿ ಅಂದ್ರ, ಹಳೇ ಸಾಮಾನ ಕೈಗೆ ಕೊಡ್ರಿ ಅನ್ರಿ. ಅದು ಬರೋತನಕಾ ಕಿಸೆಕ್ಕ ಕೈ ಹಾಕಬ್ಯಾಡ್ರಿ.” ಅಂದಿನಿಂದ ಅದೊಂದು ಮಾತನ್ನು ಸೂತ್ರದ ಹಾಗೆ ಹಿಡಿದುಕೊಂಡೆ. ಕೇಳಿದ ಕೂಡಲೆ ಮೆಕ್ಯಾನಿಕ್ಕುಗಳ ಮುಖ ಸಣ್ಣದಾಗುತ್ತಿತ್ತು. ನನ್ನ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಸಾಮಾನು ಒಂದು ಚೀಲ ಸೇರಿತು.

ಹೋದ ವರ್ಷ ಮಗಳನ್ನು ಕಟಕೋಳಕ್ಕೆ ಕೊಟ್ಟೆವು. ಒಬ್ಬಳೇ ಮಗಳು. ಹೊಲಮನೆ ಇದ್ದವರು, ಒಳ್ಳೆಯ ಜನ. ಅಳಿಯ ಹೊಲ ನೋಡಿಕೊಳ್ಳುತ್ತಾನೆ. ಅವನ ಅಣ್ಣನದು ಯರಗಟ್ಟಿಯಲ್ಲಿ ಸ್ವಂತ ಗ್ಯಾರೇಜು. ಈ ವರ್ಷ ಮಗಳು ಬಸುರಾದಳು. ಏಳನೇ ತಿಂಗಳಲ್ಲಿ ಕಟಕೋಳದಲ್ಲೇ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಅಂದೇ ನಮ್ಮ ಕಾರಿನಲ್ಲಿ ಕರೆದುಕೊಂಡು ಬರುವುದೆಂದು ಮಾತಾಯಿತು. ಮೊದಲ ಹೆರಿಗೆ ತವರಿನದು. ಹೆಂಡತಿ ಎರಡು ತಿಂಗಳ ಮೊದಲೇ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯಲು ಕುಳಿತಿದ್ದಳು. ಬಾಣಂತಿ ಕೋಣೆಗೆ ಸುಣ್ಣ ಹಚ್ಚಿಸಿದ್ದಳು. ನಮ್ಮ ಮನೆಯಲ್ಲಿ ಆಗ ಬೇರೆ ಮಾತೇ ಇರಲಿಲ್ಲ.

ಕುಬಸಕ್ಕೆ ಎರಡು ವಾರ ಇರುವಾಗ ಕಾರಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಹತ್ತಿದ್ದು ಆರಲಿಲ್ಲ. ನಾನು ಯಾವ ಗ್ಯಾರೇಜು ಎಂದು ಲೆಕ್ಕ ಹಾಕುತ್ತಿದ್ದರೆ ಹೆಂಡತಿ, “ನಮ್ಮವರ ಇದ್ದಾಗ ಊರೂರು ಯಾಕ ಅಡ್ಡಾಡತೀರಿ? ಮಗಳನ್ನ ಕೂಡಿಸ್ಕೊಂಡ ಬರೋ ಗಾಡಿ. ಅವರ ಕೈಲೆ ರಿಪೇರಿ ಆಗ್ಲಿ” ಅಂದಳು. ಸರಿ ಅನಿಸಿತು. ಯರಗಟ್ಟಿಗೆ ಒಯ್ದು ಬಿಟ್ಟು ಬಂದೆ.

ಎರಡು ದಿನ ಬಿಟ್ಟು ಹೋದಾಗ ಅಳಿಯನ ಅಣ್ಣ ಕುರ್ಚಿ ಒರೆಸಿ ಕೂರಿಸಿ ತಿನ್ನಲು ಗಿರ್ಮಿಟ್ ತರಿಸಿದ. “ಬ್ಯಾಟರಿಗೆ ಚಾರ್ಜ್ ಕೊಡೋ ಡೈನಮೊ ಸುಟ್ಟಿತ್ರಿ ಮಾವಾರ. ಬೆಳಗಾವಿಯಿಂದ ಹೊಸಾದು ತರಿಸಿ ಹಾಕೇನಿ. ಸಾಮಾನಿಂದಷ್ಟ ಕೊಡ್ರಿ. ಬೀಗರ ಕಡೆ ಕೂಲಿ ಇಸಕೊಂಡ್ರ ಅಪ್ಪ ಮನಿಯಾಗ ಕರಕೊಳ್ಳಂಗಿಲ್ಲ” ಎಂದು ನಕ್ಕ. ಹಳೆಯದನ್ನು ಕೊಡಿ ಎನ್ನುವ ಮಾತು ಗಂಟಲವರೆಗೆ ಬಂತು. ಆದರೆ ಹೆಣ್ಣು ಕೊಟ್ಟವನು ನಾನು. ಬೀಗರ ಕೈಯಲ್ಲಿ ಗಿರ್ಮಿಟ್ ತಿಂದು, ಅದೇ ಬಾಯಲ್ಲಿ ‘ತೋರಿಸ್ರಿ’ ಅನ್ನುವುದು ಹೇಗೆ? ನಮ್ಮ ಕಡೆ ಬೀಗರ ಹತ್ತಿರ ಬಿಲ್ ಕೂಡ ಕೇಳುವುದಿಲ್ಲ. ಆ ಮಾತನ್ನು ಗಿರ್ಮಿಟ್ ಜೊತೆಗೇ ನುಂಗಿಕೊಂಡು ಬಂದೆ.

ಭಾನುವಾರ ಕಾರು ತೊಳೆಯುವಾಗ ಬಾನೆಟ್ ತೆಗೆದೆ. ಡೈನಮೊ ಮೇಲೆ ಮೂರು ಬೆರಳಿನ ಬೆಳ್ಳನೆಯ ವಿಭೂತಿ, ನಡುವೆ ಒಂದು ಕುಂಕುಮದ ಬೊಟ್ಟು. ಮಹಾನವಮಿಗೆ ಖಂಡೆ ಪೂಜೆಯ ದಿನ ನನ್ನ ಹೆಂಡತಿ ಮನೆಯಲ್ಲಿ ಏನನ್ನೂ ಬಿಡುವುದಿಲ್ಲ. ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ನನ್ನ ಕೆಂಪು ಪೆನ್ನು, ಎಲ್ಲಕ್ಕೂ ವಿಭೂತಿ. ಹೋದ ಮಹಾನವಮಿಗೆ ನನ್ನ ಕೈಯಲ್ಲೇ ಬಾನೆಟ್ ಎತ್ತಿಸಿ, ಒಳಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ವಿಭೂತಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿದ್ದಳು. ಹಾಗಾದರೆ ಇದು ಅದೇ ಹಳೆಯ ಡೈನಮೊ. ಸುತ್ತಲಿನ ಜಿಡ್ಡು ಒರೆಸಿ, ಎರಡು ತಂತಿ ಬಿಗಿದು, ಹೊಸದೆಂದು ಕೊಟ್ಟಿದ್ದಾನೆ. ಕಿತ್ತೂರಿನವನು ಪರಕೀಯ, ಸವದತ್ತಿಯವನು ಪರಕೀಯ. ಇವನು ಬೀಗ. ನನಗೆ ಸಿಟ್ಟು ನೆತ್ತಿಗೇರಿತು.

ಹೆಂಡತಿಯನ್ನು ಕರೆದು ತೋರಿಸಿದೆ. ಕೌದಿಯ ಸೂಜಿ ಕೈಯಲ್ಲಿ ಹಿಡಿದುಕೊಂಡೇ ಬಂದಳು. ಒಂದು ಗಳಿಗೆ ನೋಡಿದಳು. “ಇದ್ರ ಇರ್‍ಲಿ. ಬಾಯಿ ಮುಚಗೊಂಡ ಕುಂದರ್ರಿ. ಹುಡುಗಿ ಅವರ ಮನ್ಯಾಗ ಅದಾಳ. ಆಕಿ ಒಂದ ಸಲ ನಮ್ಮ ಹೊಸ್ತಿಲಾ ದಾಟಿ ಒಳಗ ಬರ್‍ಲಿ” ಎಂದು ಒಳಗೆ ಹೋದಳು.

ಅವಳ ಮಾತು ಕೇಳಬೇಕಾಗಿತ್ತು. ನಾನು ಮರುದಿನ ಶಾಲೆ ಬಿಟ್ಟ ಮೇಲೆ ಬೈಲಹೊಂಗಲದಲ್ಲೇ ಒಂದು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದೆ. ಅಲ್ಲಿ ನಾಲ್ಕಾರು ಜನ ಚಹಾ ಕುಡಿಯುತ್ತಿದ್ದರು. “ಈ ಡೈನಮೊ ಹೊಸಾದೋ ಹಳೇದೋ ಹೇಳ್ರಿ” ಅಂದೆ. ಮೆಕ್ಯಾನಿಕ್ ಬಗ್ಗಿ ನೋಡಿ, “ಎಲ್ಲಿ ಹಾಕಿಸಿದ್ರಿ ಸರ?” ಅಂದ. ನಾಲಿಗೆಗೆ ಎಲುಬಿಲ್ಲ ನೋಡಿ, ಯರಗಟ್ಟಿ ಅಂದುಬಿಟ್ಟೆ. ಯಾರ ಗ್ಯಾರೇಜು ಎಂದು ಸಹ ಹೇಳಿದೆ. ಅವನು ಬೆರಳಿನಿಂದ ವಿಭೂತಿ ಮುಟ್ಟದೆ ತೋರಿಸಿ, “ಹೊಸಾದಕ್ಕ ಯಾರ ಹಚ್ಚತಾರ್ರಿ ಇದನ್ನ?” ಎಂದು ನಕ್ಕ. ಚಹಾ ಕುಡಿಯುವವರೂ ನಕ್ಕರು. “ಹಳೇದ ಕೊಟ್ಟು ಹೊಸಾದರ ರೊಕ್ಕ ಇಸಕೊಂಡಾರ ನೋಡ್ರಿ” ಎಂದು ನಾನೇ ಎಲ್ಲರಿಗೂ ಕೇಳುವಂತೆ ಹೇಳಿದೆ. ಇಷ್ಟು ವರ್ಷಗಳ ಮೋಸದ ಸಿಟ್ಟೆಲ್ಲ ಆ ಒಂದು ಮಾತಿನಲ್ಲಿ ಹೊರಬಿತ್ತು. ಹೇಳಿದ ಮೇಲೆ ಹಗುರವೂ ಅನಿಸಿತು. ಅಲ್ಲಿ ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬ, ಬೆಳಗಾವಿಯಿಂದ ಗ್ಯಾರೇಜುಗಳಿಗೆ ಸಾಮಾನು ಹಂಚುವ ಟೆಂಪೊದವನು ಎಂಬುದು ನನಗೆ ಆಮೇಲೆ ತಿಳಿಯಿತು. ಬೈಲಹೊಂಗಲ ಮುಗಿಸಿ ಅವನು ಹೋಗುವುದೇ ಯರಗಟ್ಟಿಗೆ.

ಕುಬಸದ ದಿನ ಬುತ್ತಿ ಕಟ್ಟಿಕೊಂಡು ಕಟಕೋಳಕ್ಕೆ ಹೊರಟೆವು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಕಡಬು, ಡಿಕ್ಕಿಯ ತುಂಬ ಬುಟ್ಟಿಗಳು. ಹಿಂದಿನ ಸೀಟಿನಲ್ಲಿ ಹೆಂಡತಿ ಹೊಸ ಕೌದಿಯನ್ನು ಮಡಚಿ ಮೆತ್ತಗೆ ಹಾಸಿದ್ದಳು. “ಹೋಗೂವಾಗ ಹೆಂಗರ ಹೊಡೀರಿ. ಬರೂವಾಗ ಮಾತ್ರ ಸಾವಕಾಶ. ಹುಡುಗಿ ಇರತಾಳ” ಎಂದು ದಾರಿಯಲ್ಲಿ ಎರಡು ಸಲ ಹೇಳಿದಳು.

ಬೀಗರು ಏನೂ ಆಗದವರ ಹಾಗೆ ಕಾಲಿಗೆ ನೀರು ಕೊಟ್ಟರು. ಹಸಿರು ಸೀರೆ, ಹಸಿರು ಬಳೆ ತೊಟ್ಟು ಮಗಳು ಕುಳಿತಿದ್ದಳು. ಅವಳ ಚೀಲ ಆಗಲೇ ಬಾಗಿಲ ಬಳಿ ಸಿದ್ಧವಾಗಿತ್ತು. ಊಟವಾದ ಮೇಲೆ ಅಳಿಯನ ಅಣ್ಣ ಬಂದು, “ಮಾವಾರ, ಹೊರಗ ಬರ್‍ರಿ ಒಂದಿಷ್ಟ” ಎಂದು ಕರೆದ. ಕಾರಿನ ಹತ್ತಿರ ಒಂದು ಗೋಣಿಚೀಲ ಇತ್ತು. ಬಿಚ್ಚಿದ. ಒಳಗೆ ಒಂದು ಡೈನಮೊ. ಎಣ್ಣೆ ಜಿಡ್ಡು, ಧೂಳು, ಅದರೊಳಗೆ ಹಳದಿಗಟ್ಟಿ ಅರ್ಧ ಅಳಿಸಿದ ವಿಭೂತಿ. ಕುಂಕುಮ ಕಪ್ಪಾಗಿ ಹೆಪ್ಪುಗಟ್ಟಿತ್ತು. ದೊಡ್ಡದೊಂದು ಬೊಟ್ಟು, ಅದರ ಕೆಳಗೆ ಸಣ್ಣದೊಂದು. ನನ್ನ ಹೆಂಡತಿ ಯಾವತ್ತೂ ಹಾಗೆಯೇ ಎರಡು ಬೊಟ್ಟು ಇಡುತ್ತಾಳೆ.

“ನಿಮ್ಮ ಹಳೇದು ಇದ ನೋಡ್ರಿ. ಬೀಗರ ಕೈಯಾಗ ಗುಜರಿ ಕೊಡೂದು ಸರಿ ಅಲ್ಲಂತ ಇಟಗೊಂಡಿದ್ದೆ” ಅಂದ. “ಹೊಸಾ ಸಾಮಾನು ಹಾಕಿದ ಮ್ಯಾಲೆ ವಿಭೂತಿ ಹಚ್ಚದ ನಮ್ಮ ಗ್ಯಾರೇಜಿನ್ಯಾಗ ಚಾವಿ ತಿರುವಂಗಿಲ್ರಿ. ನಿಮ್ಮದಂತ ಅಲ್ಲ, ಎಲ್ಲಾರ ಗಾಡಿಗೂ ಹಚ್ಚತೇವಿ. ಒಂದ ಮಾತ ನನ್ನ ಕೇಳಿದ್ರ ತೋರಿಸ್ತಿದ್ನೆಲ್ರಿ ಮಾವಾರ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಮಹಾನವಮಿಗೆ ಹಚ್ಚಿದ ವಿಭೂತಿ ಇಂಜಿನ್ನಿನ ಬಿಸಿಯಲ್ಲಿ ಇಷ್ಟು ತಿಂಗಳು ಅಷ್ಟು ಬೆಳ್ಳಗೆ ಉಳಿಯುವುದು ಸಾಧ್ಯವೇ? ಐದನೇ ಇಯತ್ತೆಯ ಹುಡುಗನಿಗೂ ಹೊಳೆಯುವ ಮಾತು. ಅಕ್ಷರ ನೋಡಿ ಕಾಪಿ ಹಿಡಿಯುವ ನನಗೆ ಹೆಂಡತಿಯ ಬೆರಳು ಯಾವುದು, ಬೇರೆಯವರ ಬೆರಳು ಯಾವುದು ಎಂದು ತಿಳಿಯಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. “ತಪ್ಪಾತು” ಅಂದೆ. ಅವನು ತಲೆ ಅಲ್ಲಾಡಿಸಿ ಒಳಗೆ ಹೋದ.

ಪಡಸಾಲೆಯಲ್ಲಿ ಅಳಿಯನ ತಂದೆ ನನಗಾಗಿ ಕಾದಿದ್ದರು. ಎಲೆಅಡಿಕೆಯ ತಟ್ಟೆ ಮುಂದೆ ಸರಿಸಿ ನಿಧಾನವಾಗಿ ಮಾತು ತೆಗೆದರು.

“ಬೀಗರ, ಸಿಟ್ಟಿನ ಮಾತಲ್ಲ ಇದು. ಆ ಸಾಮಾನು ಹಳೇದು ಅಂತ ನೀವ ನಾಕ ಮಂದಿ ಮುಂದ ಹೇಳೀರಿ. ಹಳೇದಿದ್ರ ಗಾಡಿ ನಡುದಾರ್‍ಯಾಗ ನಿಂತೀತು, ಅಂಥಾ ಗಾಡ್ಯಾಗ ಬಸರಿ ಹುಡುಗಿನ್ನ ಹೆಂಗ ಕಳಸೂದ್ರಿ?”

“ಅದು ಹೊಸಾದ ಐತ್ರಿ. ನಂದ ತಪ್ಪು” ಅಂದೆ. “ಬೇಕಂದ್ರ ಬ್ಯಾರೆ ಗಾಡಿ ತರಸತೇನಿ.”

“ಹೊಸಾದ ಇದ್ರ, ನೀವು ನಮ್ಮನ್ನ ನಂಬಲಿಲ್ಲಂತ ಆತು. ನಂಬಲಾರದವರ ಮನಿಗೆ ಹೆಂಗ ಕಳಸೂದ್ರಿ? ಹೆರಿಗಿ ಇಲ್ಲೇ ಆಗ್ಲಿ. ಕಾಳಜಿ ಮಾಡಬ್ಯಾಡ್ರಿ, ನಮ್ಮ ಮಗಳಂಗ ನೋಡ್ಕೋತೇವಿ.”

ಅಳಿಯ ಗೋಡೆಗೆ ಒರಗಿ ನೆಲ ನೋಡುತ್ತಿದ್ದ; ಅಪ್ಪನ ಮುಂದೆ ಮಾತಾಡುವ ಹುಡುಗನಲ್ಲ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೆರಗಿನ ಅಂಚನ್ನು ಬಾಯಿಗೆ ಹಿಡಿದು ನಿಂತಿದ್ದಳು. ಮಗಳು ನನ್ನ ಹತ್ತಿರ ಬಂದು ಮೆಲ್ಲಗೆ, “ಅಪ್ಪಾ, ನನಗ ಒಂದ ಫೋನ್ ಮಾಡಿದ್ರ ನಾನ ಕೇಳತಿದ್ನೆಲ್ಲಾ” ಅಂದಳು. ಆಮೇಲೆ ಬಾಗಿಲ ಬಳಿಯಿದ್ದ ತನ್ನ ಚೀಲ ಎತ್ತಿಕೊಂಡು ಒಳಗೆ ಹೋದಳು.

ಡಿಕ್ಕಿಯಲ್ಲಿ ಖಾಲಿ ಬುಟ್ಟಿಗಳು ತುಂಬಿದ್ದವು. ಅಳಿಯ ಗೋಣಿಚೀಲವನ್ನು ಹಿಂದಿನ ಸೀಟಿನ ಮುಂದೆ, ಕಾಲಿಡುವಲ್ಲಿ ಇಟ್ಟ. ಕೌದಿ ಹಾಸಿದಂತೆಯೇ ಇತ್ತು. ಕಾರು ಒಂದೇ ಚಾವಿಗೆ ಶುರುವಾಯಿತು. ಕೆಂಪು ದೀಪ ಇಲ್ಲ, ಸಪ್ಪಳವಿಲ್ಲ. ಕೊಂಡಾಗಿನಿಂದ ಅದು ಅಷ್ಟು ಚೆನ್ನಾಗಿ ಓಡಿದ್ದು ನಾನು ಕಂಡಿಲ್ಲ.

ಯರಗಟ್ಟಿ ದಾಟಿದೆವು. ರಸ್ತೆಯ ಪ್ರತಿ ಹಂಪ್‌ಗೂ ನಾನು ಗಾಡಿಯನ್ನು ಪೂರಾ ನಿಲ್ಲಿಸಿದಂತೆ ಮಾಡಿ, ಮೆಲ್ಲಗೆ ಹತ್ತಿಸಿ ಇಳಿಸುತ್ತಿದ್ದೆ. ಹಾಗೆ ಹೊಡೆಯುತ್ತಿದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ. ನಾಲ್ಕನೆಯದೋ ಐದನೆಯದೋ ಹಂಪಿನಲ್ಲಿ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

“ಜೋರಾಗೇ ಹೊಡೀರಿ ಇನ್ನ. ಹಿಂದ ಯಾರ ಅದಾರ?”