ಹೊಸ ಪಿಸ್ತೂಲಿನೊಳಗೆ ಒಂದು ಅಕ್ಷತೆ ಕಾಳು

ಟ್ರಿಗರ್ ಎಳೆದೆ. ಸದ್ದೇ ಇಲ್ಲ.

ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಪೂರ್ತಿ ಮುಚ್ಚಿಕೊಂಡಿರಲಿಲ್ಲ, ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ನನ್ನ ಬೆನ್ನ ಹಿಂದೆ ನಮ್ಮ ಮ್ಯಾನೇಜರ್, ಅಂದರೆ ಇಲ್ಲಿನವರ ಬಾಯಲ್ಲಿ ಮುದೀರ್, ಕೈಕಟ್ಟಿ ನೋಡುತ್ತಿದ್ದಾರೆ...

ನನ್ನ ಊರು ಗದಗ. ಕುವೈತಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ನನ್ನ ಕೆಲಸ. ಹೊಸದಾಗಿ ಕಲಿಯುವವರಿಗೆ ದುಬಾರಿ ಪಿಸ್ತೂಲ್ ಯಾಕೆ, ಅಗ್ಗದ್ದು ತರಿಸಿ, ನಾನು ಸರಿಮಾಡಿಕೊಡುತ್ತೇನೆ ಎಂದು ಜಂಬ ಕೊಚ್ಚಿದವನು ನಾನೇ. ಇವತ್ತು ಇದು ಓಡದಿದ್ದರೆ ಪಿಸ್ತೂಲ್ ವಾಪಸ್. ನನ್ನ ಮಾತಿನ ಬೆಲೆಯೂ ಖಲಾಸ್.

ಬಂದ ದಿನದಿಂದ ಅದರದ್ದು ತಕರಾರೇ. ಹಾರಿದ ಗುಂಡಿನ ಖಾಲಿ ಕೇಸ್ ಹೊರಗೆ ಬೀಳದೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು.

ಫ್ಯಾಕ್ಟರಿಯ ಅಂಟು ಗ್ರೀಸ್ ಒರೆಸಿ ತೆಗೆದೆ. ಇಲ್ಲಿಯ ಧೂಳಿಗೆ ಎಣ್ಣೆ ಜಾಸ್ತಿಯಾದರೆ ರುಬ್ಬಿದ ಮಸಾಲೆ ಆಗಿಬಿಡುತ್ತದೆ, ಹಾಗಾಗಿ ಹನಿಯಷ್ಟೇ ಹಾಕಿದೆ. ಗುಂಡು ತುಂಬುವ ಮ್ಯಾಗಜಿನ್ ಬದಲಿಸಿ ನೋಡಿದೆ. ಕೊನೆಗೆ ಸ್ವಲ್ಪ ಜೋರಿನ ಗುಂಡು ಹಾಕಿದ ಮೇಲೆ ದಾರಿಗೆ ಬಂತು.

ಮತ್ತೆ ಈಗೇನು ರೋಗ?

ಮುದೀರ್ "ಯಲ್ಲಾ" ಎಂದು ಅವಸರ ಮಾಡಿದರು. ಗುಂಡು ಹೊರತೆಗೆದು ಅಲ್ಲೇ ಟೇಬಲ್ ಮೇಲೆ ಬಿಚ್ಚಿದೆ. ಬ್ಯಾರೆಲ್ ಬುಡದಲ್ಲಿ ಎಣ್ಣೆಗೆ ಅಂಟಿಕೊಂಡಿತ್ತು... ಅರಿಶಿನ ಹಚ್ಚಿದ ಒಂದು ಅಕ್ಕಿ ಕಾಳು!

ಎಲ್ಲಿಂದ ಬಂತೆಂದು ತಕ್ಷಣ ಹೊಳೆಯಿತು.

ಹಿಂದಿನ ದಿನ ಆಯುಧ ಪೂಜೆ. ಆಫೀಸಿನಲ್ಲಿರುವ ಕಾರ್ಕಳದ ಜಗದೀಶಣ್ಣ ಮತ್ತು ನಾನು ಯಾರಿಗೂ ಹೇಳದೆ ವರ್ಕ್‌ಶಾಪಿನಲ್ಲಿ ಪೂಜೆ ಮುಗಿಸಿದ್ದೆವು. ಖಾಲಿ ಇದೆ ಎಂದು ಕಾಣಲಿ ಅಂತ ಪಿಸ್ತೂಲನ್ನು ಯಾವಾಗಲೂ ಸ್ಲೈಡ್ ಹಿಂದೆಳೆದು ತೆರೆದಿಡುವುದು ನಮ್ಮ ಪದ್ಧತಿ. ಜಗದೀಶಣ್ಣ ಸ್ಪ್ಯಾನರ್‌ಗಳ ಜೊತೆ ಅದರ ಮೇಲೂ ಧಾರಾಳವಾಗಿ ಅಕ್ಷತೆ ಹಾಕಿದ್ದರು.

"ಅಣ್ಣಾರ, ಸ್ವಲ್ಪ ಕಡಿಮಿ ಹಾಕ್ರಿ" ಎಂದಿದ್ದೆ.

"ಎಂಥದ್ದು ಮಾರಾಯ, ದೇವರ ಅಕ್ಷತೆಯಿಂದ ಎಂಥ ಆಗ್ತದೆ?"

ಆಗಿದ್ದು ಇದು.

"ಶಿನು ಹಾದಾ?" ಇದೇನು ಎಂದು ಮುದೀರ್ ಬಗ್ಗಿ ನೋಡಿ ಕೇಳಿದರು.

ಪ್ಯಾಕಿಂಗ್ ಕಸ ಅನ್ನಬಹುದಿತ್ತು. ತಪ್ಪು ಕಂಪನಿಯ ತಲೆಗೆ ಹೋಗುತ್ತಿತ್ತು, ನಾವಿಬ್ಬರೂ ಬಚಾವ್. ಆದರೆ ಪಾಪದ ಪಿಸ್ತೂಲ್ ತನ್ನದಲ್ಲದ ತಪ್ಪಿಗೆ ವಾಪಸ್ ಹೋಗುತ್ತಿತ್ತು. ಕೆಲಸದ ಜಾಗದಲ್ಲಿ ಪೂಜೆ ಮಾಡಿದ್ದು ಗೊತ್ತಾದರೆ ಏನಾಗುತ್ತದೋ ಎಂಬ ಭಯವೂ ಇತ್ತು.

ಆದರೂ ಹರಕುಮುರುಕು ಅರೇಬಿಕ್‌ನಲ್ಲಿ ನಿಜ ಹೇಳಿಬಿಟ್ಟೆ. ನಮ್ಮ ಹಬ್ಬ, ಅನ್ನ ಕೊಡುವ ಸಾಮಾನಿಗೆ ವರ್ಷಕ್ಕೊಮ್ಮೆ ಕೈಮುಗಿಯುತ್ತೇವೆ ಎಂದೆ.

ಮುದೀರ್ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ನಿಂತರು. ನಾನು ಒರೆಸಿ, ಜೋಡಿಸಿ ಕೊಟ್ಟೆ.

ಅವರೇ ಮ್ಯಾಗಜಿನ್ ಖಾಲಿಯಾಗುವವರೆಗೆ ಹಾರಿಸಿದರು. ಒಂದೂ ಸಿಕ್ಕಿಕೊಳ್ಳಲಿಲ್ಲ.

ಹೊರಡುವಾಗ ಬಾಗಿಲಲ್ಲಿ ತಿರುಗಿ ಒಂದೇ ಮಾತು ಹೇಳಿದರು: ಮುಂದಿನ ವರ್ಷ ಮೊದಲು ಸ್ಲೈಡ್ ಮುಚ್ಚು, ಆಮೇಲೆ ಅಕ್ಕಿ ಹಾಕು.

"ಮುಂದಿನ ವರ್ಷ" ಅಂದರಲ್ಲ... ನನಗೆ ಅಷ್ಟೇ ಸಾಕಾಯಿತು.