ಏನೂ ಕೊರತೆಯಿಲ್ಲದ ಆಸ್ಪತ್ರೆ

ಮ್ಯಾಮ್ ಪೋಟೆನ್‌ಗೆ ಅರವತ್ಮೂರು ತುಂಬಿತ್ತು. ಅವರ ನಾಲಿಗೆಗೆ ಮಾತ್ರ ಇನ್ನೂ ಮೂವತ್ತು. ಪೂರ್ತಿ ಹೆಸರು ಪೊಟೆನ್ಸಿಯಾನಾ ಒರ್ತಿಗೆರಾ. ಇಲೊಯ್ಲೊ ನಗರದ ಹಾರೊ ಪೇಟೆಯಲ್ಲಿ, ಬೇಕರಿಯ ಮೇಲಿನ ಉದ್ದನೆಯ ಕೋಣೆಯೊಂದರಲ್ಲಿ, ನರ್ಸಿಂಗ್ ಓದಿ ಮುಗಿಸಿದವರನ್ನು ಬೋರ್ಡ್ ಪರೀಕ್ಷೆಗೆ ತಯಾರು ಮಾಡುವುದು ಅವರ ಕೆಲಸ. ಆ ಪರೀಕ್ಷೆ ಪಾಸಾದರೆ ನೋಂದಣಿ ಸಂಖ್ಯೆ, ಬಿಳಿ ಉಡುಪು, ಬೇಕಾದರೆ ದುಬೈ, ಬೇಕಾದರೆ ಲಂಡನ್. ಆಗದಿದ್ದರೆ ನಾಲ್ಕು ವರ್ಷ ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಮಾಲಿನ ನಾಲ್ಕನೇ ಮಹಡಿಯಲ್ಲಿ ಎಸಿ ಹಾಕಿಸಿಕೊಂಡ ದೊಡ್ಡ ಸೆಂಟರ್ ಒಂದಿತ್ತು. ರ‍್ಯಾಂಕ್ ಬಂದವರ ಮುಖಗಳನ್ನು ಬಸ್ಸಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ ರಸ್ತೆಗೆ ಅಡ್ಡ ನೇತುಹಾಕುತ್ತಿದ್ದರು. ಒಮ್ಮೆ ಫೇಲಾದವರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಅವರ ಶೇಕಡಾ ಲೆಕ್ಕ ಕೆಡುತ್ತದಲ್ಲ. ಹಾಗೆ ಹೊರಗೆ ದಬ್ಬಿಸಿಕೊಂಡವರೆಲ್ಲ ಮ್ಯಾಮ್ ಪೋಟೆನ್‌ರ ಮೆಟ್ಟಿಲು ಹತ್ತುತ್ತಿದ್ದರು. ಮೊದಲ ದಿನ ಅವರಿಗೆ ಹೊಟ್ಟೆ ತುಂಬ ಬೈಗುಳ, ಆಮೇಲೆ ಕೆಳಗಿನ ಬೇಕರಿಯಿಂದ ಪಾನ್ ದೆ ಸಾಲ್ ಎಂಬ ಬಿಸಿ ಬ್ರೆಡ್ಡು. ಇಪ್ಪತ್ತಾರು ತಂಡಗಳು ಹೀಗೆಯೇ ಬೈಸಿಕೊಂಡು, ತಿಂದು, ಪಾಸಾಗಿ ಹೋಗಿದ್ದವು.

ಇಪ್ಪತ್ತೇಳನೇ ತಂಡಕ್ಕೆ ಬಂದವಳು ರುಸ್ತಿಕಾ ನುಫಾಬ್ಲೆ. ನಲವತ್ತೊಂದು ವರ್ಷ, ಮಿಯಾಗಾವ್ ಊರಿನವಳು. ಓದಿದ್ದು ನರ್ಸಿಂಗೇ, ಆದರೆ ಬೋರ್ಡ್‌ನಲ್ಲಿ ಎರಡು ಸಲ ಮಣ್ಣು ಮುಕ್ಕಿ, ಸರ್ಕಾರಿ ಆಸ್ಪತ್ರೆಯೊಂದರಲ್ಲಿ ವಾರ್ಡ್ ಅಟೆಂಡರ್ ಆಗಿ ಹದಿನೇಳು ವರ್ಷ ಬೆಡ್‌ಪ್ಯಾನ್ ಎತ್ತಿದ್ದಳು. ತನಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಹುಡುಗಿಯರ ನಡುವೆ ಮೂಲೆಯ ಕುರ್ಚಿಯಲ್ಲಿ ಕೂತಳು. ಈ ವಯಸ್ಸಿನಲ್ಲಿ ಇದ್ಯಾಕೆ ಬಂತು ನಿನಗೆ, ಲಂಡನ್ ಹುಚ್ಚೋ ಎಂದು ಮ್ಯಾಮ್ ಪೋಟೆನ್ ಬೈಗುಳಕ್ಕೆ ಪೀಠಿಕೆ ಹಾಕಿದರು.

“ಲಂಡನ್ ಬೇಡ ಮ್ಯಾಮ್,” ಎಂದಳು ರುಸ್ತಿಕಾ. “ಡಿಸೆಂಬರ್‌ನಲ್ಲಿ ಹದಿನಾಲ್ಕನೇ ಮಂಚದ ಅಜ್ಜಂಗೆ ಹೊಟ್ಟೆ ಉಬ್ಬರಿಸ್ತಿತ್ತು. ಕೈಯಿಟ್ರೆ ಹಲಗೆ ಇದ್ದಂಗಿತ್ತು. ಬೆಳಿಗ್ಗೆ ಎರಡು ಸಲ ಹೇಳ್ದೆ. ನರ್ಸ್‌ಗೆ ನಲವತ್ತು ಪೇಷಂಟು, ಪಾಪ, ಮರೆತಳು. ಡಾಕ್ಟ್ರು ಆಯ್ತಾಯ್ತು ಅಂದ್ರು. ಮಧ್ಯಾಹ್ನಕ್ಕೆ ಅಜ್ಜ ಹೋಗ್ಬಿಟ್ಟ. ಚಾರ್ಟ್ ತೆಗೆದು ನೋಡಿದ್ರೆ, ಬೆಳಿಗ್ಗೆ ರೋಗಿ ಆರಾಮಾಗಿದ್ದ ಅಂತ ಬರೆದಿತ್ತು. ನಾನು ಹೇಳಿದ್ದು ಎಲ್ಲೂ ಇಲ್ಲ. ಅಟೆಂಡರ್ ಆ ಹಾಳೆ ಮೇಲೆ ಬರೆಯೋ ಹಾಗಿಲ್ಲ. ಅಲ್ಲಿ ಒಂದು ಸಾಲು ಬರೆಯೋ ಹಕ್ಕು ಬೇಕು ನಂಗೆ, ಅಷ್ಟೇ. ಈ ಸಲ ಆಗ್ಲಿಲ್ಲ ಅಂದ್ರೆ ಮತ್ತೆ ಪೆನ್ಸಿಲ್ ಮುಟ್ಟಲ್ಲ.”

ಮ್ಯಾಮ್ ಪೋಟೆನ್‌ರ ಬಾಯಿಗೆ ಆ ದಿನ ಬೈಗುಳ ಬರಲಿಲ್ಲ. ನೇರ ಬ್ರೆಡ್ಡಿಗೇ ಹೋದರು.

ಒಂದೇ ವಾರದಲ್ಲಿ ತರಗತಿಯವರೆಲ್ಲ ರುಸ್ತಿಕಾಳನ್ನು ಮನಾಂಗ್, ಅಕ್ಕ, ಎಂದು ಸುತ್ತಿಕೊಂಡರು. ಮಗುವಿನ ಕೈಯಲ್ಲಿ ನರ ಸಿಗದಿದ್ದರೆ ಏನು ಮಾಡಬೇಕು, ಸುಟ್ಟ ಗಾಯದ ಬಟ್ಟೆ ಬಿಚ್ಚುವುದು ಹೇಗೆ, ಎಲ್ಲವನ್ನೂ ಅವಳೇ ತೋರಿಸಿಕೊಡಬೇಕು. ಅವಳ ಕೈ ಅಷ್ಟು ಪಳಗಿತ್ತು. ಆದರೆ ಮೊದಲ ಅಣಕು ಪರೀಕ್ಷೆಯಲ್ಲಿ ನೂರಕ್ಕೆ ಐವತ್ತೆಂಟು, ಪಾಸಿಗೆ ಎಪ್ಪತ್ತೈದು ಬೇಕು. ಎರಡನೆಯದರಲ್ಲಿ ಐವತ್ತಾರು. ಅವಳ ಹತ್ತಿರ ಕೇಳಿ ಕಲಿತ ಹುಡುಗಿಯರಿಗೆ ಎಂಬತ್ತು, ಕಲಿಸಿದವಳು ತಂಡಕ್ಕೆಲ್ಲ ಕೊನೆ! ಮ್ಯಾಮ್ ಪೋಟೆನ್‌ಗೆ ತಲೆ ಕೆಟ್ಟುಹೋಯಿತು. ಇವಳೇನು ನಿದ್ದೆಗಣ್ಣಲ್ಲಿ ಉತ್ತರಪತ್ರಿಕೆಯ ಸೊನ್ನೆಗಳಿಗೆ ಬಣ್ಣ ಬಳಿಯುತ್ತಾಳೋ ಎಂದುಕೊಂಡು, ಶನಿವಾರ ಬೆಳಿಗ್ಗೆ ಅವಳೊಬ್ಬಳನ್ನೇ ಎದುರಿಗೆ ಕೂರಿಸಿಕೊಂಡು, ತಪ್ಪಾದ ಒಂದೊಂದು ಪ್ರಶ್ನೆಗೂ ಬೆರಳಿಟ್ಟು, ಇದನ್ನೇ ಏಕೆ ಆರಿಸಿದೆ ಎಂದು ಕೇಳುತ್ತಾ ಹೋದರು.

ರೋಗಿಯ ಗಂಟಲಲ್ಲಿ ಕಫ ಕಟ್ಟಿದೆ, ಮೊದಲು ಏನು ಮಾಡುತ್ತೀರಿ ಎಂಬುದು ಒಂದು ಪ್ರಶ್ನೆ. ಯಂತ್ರ ಹಚ್ಚಿ ಎಳೆಯಬೇಕು ಎಂಬುದು ಉತ್ತರ. ರುಸ್ತಿಕಾ ಪಕ್ಕಕ್ಕೆ ಹೊರಳಿಸಿ ಬೆನ್ನು ತಟ್ಟುವುದನ್ನು ಆರಿಸಿದ್ದಳು. ಯಂತ್ರ ಎರಡನೇ ಮಹಡಿಯಲ್ಲಿ ಒಂದೇ ಇರೋದು ಮ್ಯಾಮ್, ಅದು ಬರೋದರೊಳಗೆ ಪ್ರಾಣ ಹೋಗುತ್ತೆ ಎಂದಳು. ಆಪರೇಷನ್ ಆದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರು ಯಾರು ಎಂಬುದಕ್ಕೆ, ನರ್ಸ್ ಎನ್ನುವ ಬದಲು, ಜೊತೆಗಿರುವ ಬಂತಾಯ್‌ಗೆ, ಅಂದರೆ ಕಾವಲಿಗೆ ಕೂತ ಮನೆಯವರಿಗೆ, ಹೇಳಿಕೊಡುವುದು ಎಂದು ಗುರುತು ಹಾಕಿದ್ದಳು. ಬಂತಾಯ್ ಇಲ್ಲದ ರೋಗಿ ಎಲ್ಲಾದರೂ ಇರುತ್ತಾನೆಯೇ ಎಂಬುದು ಅವಳ ಪ್ರಶ್ನೆ. ನಲವತ್ನಾಲ್ಕು ತಪ್ಪುಗಳಲ್ಲಿ ಮೂವತ್ತು ಹೀಗೆಯೇ. ಒಂದಕ್ಕೂ ಅವಳಿಗೆ ಪಾಠ ಗೊತ್ತಿಲ್ಲದೆ ಇರಲಿಲ್ಲ. ಪ್ರತಿ ಪ್ರಶ್ನೆಯನ್ನೂ ಅವಳು ತನ್ನ ವಾರ್ಡಿಗೇ ಎಳೆದುಕೊಂಡು ಹೋಗಿ ಅಲ್ಲಿ ನಿಂತು ಉತ್ತರಿಸಿದ್ದಳು.

ಮ್ಯಾಮ್ ಪೋಟೆನ್ ಕನ್ನಡಕ ತೆಗೆದಿಟ್ಟರು. ವಾರ್ಡಿನಲ್ಲಿ ಕಂಡದ್ದನ್ನು ನೆನಪಿಸಿಕೊಂಡು ಉತ್ತರ ಬರೆಯಿರಿ ಎಂದು ಪ್ರತಿ ತಂಡಕ್ಕೂ ಮೊದಲ ದಿನವೇ ಹೇಳುತ್ತಿದ್ದವರು ಅವರೇ. ವಾರ್ಡನ್ನೇ ಸರಿಯಾಗಿ ಕಾಣದ ಚಿಕ್ಕವರಿಗೆ ಆ ಮಾತಿನಿಂದ ಏನೂ ಕೆಟ್ಟಿರಲಿಲ್ಲ. ಹದಿನೇಳು ವರ್ಷ ಕಂಡವಳಿಗೆ ಅದೇ ವಿಷವಾಗಿತ್ತು. ತಪ್ಪು ನಂದು ಎಂದು ಅವರು ನೇರವಾಗಿಯೇ ಒಪ್ಪಿಕೊಂಡರು. ಅವರ ಬಾಯಲ್ಲಿ ಆ ಮಾತು ಕೇಳಿದವರು ಹಾರೊದಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ಸೋಮವಾರದಿಂದ ಬೆಳಿಗ್ಗೆ ಆರಕ್ಕೆ, ತರಗತಿಗೆ ಮುಂಚೆ, ಇಬ್ಬರದೇ ಬೇರೆ ಪಾಠ. ಆರು ಕುರ್ಚಿ ಜೋಡಿಸಿದರೆ ಒಂದು ಮಂಚ. ರುಸ್ತಿಕಾ ಬಾಗಿಲಿನಿಂದ ನಡೆದು ಬಂದು ಮಂಚದ ಸುತ್ತ ಏನೇನಿದೆ ಎಂದು ಹೇಳಬೇಕು. ಆಕ್ಸಿಜನ್ ಸಿಲಿಂಡರ್ ಇದೆ, ಆದರೆ ಖಾಲಿ ಎಂದಳು ಮೊದಲ ದಿನ. ಖಾಲಿ ಅಂತ ಯಾರೇ ನಿನಗೆ ಹೇಳಿದ್ದು, ಹೊರಗೆ ಹೋಗಿ ಮತ್ತೆ ಬಾ ಎಂದರು ಮ್ಯಾಮ್ ಪೋಟೆನ್. ಮತ್ತೆ ಬಂದಳು. ಸಿಲಿಂಡರ್ ತುಂಬಿತ್ತು, ಕೈಗವಸು ಮುಗಿದಿತ್ತು. ಮತ್ತೆ ಹೊರಗೆ. ಈ ಆಸ್ಪತ್ರೆಯಲ್ಲಿ ಏನೂ ಮುಗಿಯುವುದಿಲ್ಲ, ಒಬ್ಬ ರೋಗಿಗೆ ಒಬ್ಬ ನರ್ಸ್, ಆ ನರ್ಸ್ ನೀನು ಎಂದು ಅವರು ಪ್ರತಿದಿನ ಹೇಳಿದರು. ಕೆಳಗಿನ ಬೇಕರಿಯವಳು, ಈ ಮುದುಕಿಯರು ಬೆಳಬೆಳಿಗ್ಗೆ ಅದೆಂಥ ನಾಟಕ ಕಟ್ಟುತ್ತಿದ್ದಾರೋ ಎಂದು ಗಿರಾಕಿಗಳ ಮುಂದೆ ನಗಾಡಿದಳು.

ಮೂರನೇ ವಾರ ರುಸ್ತಿಕಾಳ ತಾಳ್ಮೆಯ ಕಟ್ಟೆಯೊಡೆಯಿತು. ಪೆನ್ಸಿಲನ್ನು ಮೇಜಿನ ಮೇಲೆ ಎಸೆದಳು.

“ಇಂಥ ಆಸ್ಪತ್ರೆ ಎಲ್ಲೂ ಇಲ್ಲ ಮ್ಯಾಮ್. ನೀವು ಸುಳ್ಳು ಕಲಿಸ್ತಿದೀರಿ. ಏನೂ ಇಲ್ದೇ ಇರೋ ಕಡೆ ನಾನು ಹದಿನೇಳು ವರ್ಷ ಜನರನ್ನ ಉಳಿಸಿದೀನಿ. ಅದಕ್ಕೆ ನೀವು ತಪ್ಪು ಅಂತ ಮಾರ್ಕ್ ಹಾಕ್ತೀರಾ?”

“ಹಾಕ್ತೀನಿ,” ಎಂದರು ಮ್ಯಾಮ್ ಪೋಟೆನ್. ಎಸೆದ ಪೆನ್ಸಿಲನ್ನು ಎತ್ತಿ ಅವಳ ಮುಂದಿಟ್ಟರು. “ನೀನು ಉಳಿಸಿದ್ದು ನಿನ್ನ ದೊಡ್ಡತನ ಇಂದಾಯ್, ಮಗಳೇ, ಅದಕ್ಕೆ ನಾನು ಕೈ ಮುಗೀತೀನಿ. ಆದ್ರೆ ಪರೀಕ್ಷೆ ಕೇಳ್ತಿರೋದು ನಿನ್ನ ಕತೆ ಅಲ್ಲ. ಆ ಮಂಚದಲ್ಲಿ ಮಲಗಿರೋನಿಗೆ ಏನು ಸಿಗ್ಬೇಕಿತ್ತು ಅಂತ ಕೇಳ್ತಿದೆ. ಇಲ್ಲ ಇಲ್ಲ ಅಂತ ನಿಂಗೆ ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ಕೇಳೋದನ್ನೇ ಮರ್ತಿದೀಯ. ನೀನೇ ಮರೆತ್ರೆ ಅವನ ಪರವಾಗಿ ಇನ್ಯಾರು ಕೇಳ್ತಾರೆ?”

ರುಸ್ತಿಕಾ ಕುರ್ಚಿಗಳ ಮಂಚದ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು. ಹದಿನಾಲ್ಕನೇ ಮಂಚದ ಅಜ್ಜನನ್ನು ನೆನೆಸಿಕೊಂಡಳು ಎಂದು ಮ್ಯಾಮ್ ಪೋಟೆನ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ಅವಳು ತಾನಾಗಿಯೇ ಹೊರಗೆ ಹೋಗಿ, ಬಾಗಿಲಿನಿಂದ ಮತ್ತೆ ನಡೆದು ಬಂದಳು. ಆ ವಾರ ಅರವತ್ತಾರು ಬಂತು. ಮುಂದೆ ಎಪ್ಪತ್ತೊಂದು, ಎಪ್ಪತ್ತೆಂಟು, ಕೊನೆಯ ಅಣಕು ಪರೀಕ್ಷೆಯಲ್ಲಿ ಎಂಬತ್ಮೂರು.

ನವೆಂಬರಿನಲ್ಲಿ ಎರಡು ದಿನ ಪರೀಕ್ಷೆ, ಐನೂರು ಪ್ರಶ್ನೆ. ಹುಡುಗಿಯರು ಅದೃಷ್ಟಕ್ಕೆಂದು ಕೆಂಪು ಒಳ ಅಂಗಿ ತೊಟ್ಟು, ಪಾದ್ರಿ ನೀರು ಚಿಮುಕಿಸಿದ ಪೆನ್ಸಿಲ್ ಹಿಡಿದು ಬಂದರು. ಮ್ಯಾಮ್ ಪೋಟೆನ್ ಎರಡೂ ದಿನ ಪರೀಕ್ಷೆ ನಡೆದ ಶಾಲೆಯ ಗೇಟಿನ ಹೊರಗೆ ಗಂಜಿಯ ಪಾತ್ರೆ ಇಟ್ಟುಕೊಂಡು ಕಾದರು. ಬರೆದು ಮುಗಿಸಿದವರು ಕೂತ ಕುರ್ಚಿಯನ್ನು ಬೋರಲು ಹಾಕಿ ಬರಬೇಕೆಂಬುದು ವಾಡಿಕೆ, ಮತ್ತೆ ಆ ಕುರ್ಚಿಗೆ ಬರಬಾರದೆಂದು. ರುಸ್ತಿಕಾ ಎಲ್ಲರಿಗಿಂತ ಅರ್ಧ ಗಂಟೆ ತಡವಾಗಿ ಬಂದಳು. ಮ್ಯಾಮ್ ಪೋಟೆನ್ ಏನಾಯಿತೆಂದು ಕೇಳಿದರೆ, ಕೋಣೆಯ ಮೂವತ್ತು ಕುರ್ಚಿಯನ್ನೂ ನೆಟ್ಟಗೆ ಎತ್ತಿಟ್ಟು ಬಂದೆ ಎಂದಳು. ಬೋರಲು ಹಾಕುವವರು ಹಾಕಿ ಹೋಗುತ್ತಾರೆ, ಆಮೇಲೆ ಎತ್ತುವವರ ಸೊಂಟ ಯಾರಿಗೆ ಕಾಣುತ್ತದೆ ಎಂಬುದು ಅವಳ ಸಿಡುಕು. ನಿನ್ನ ಕುರ್ಚಿಯನ್ನೂ ಎತ್ತಿಟ್ಟೆಯಾ ಎಂದು ಹುಡುಗಿಯರು ಹೌಹಾರಿದರು. ಎರಡು ಸಲ ಬೋರಲು ಹಾಕಿ ಬಂದು ನಾನು ಕಿಸಿದದ್ದು ಸಾಕು ಎಂದು ಅವಳು ಗಂಜಿಗೆ ಕೈ ಚಾಚಿದಳು.

ಹನ್ನೊಂದನೇ ದಿನ ಬೆಳಿಗ್ಗೆ ಪಟ್ಟಿ ಬಂತು. ಬೇಕರಿಯ ಗಲ್ಲಾದ ಸುತ್ತ ಇಡೀ ತಂಡ, ನಡುವೆ ಮ್ಯಾಮ್ ಪೋಟೆನ್, ಕೈಯಲ್ಲಿ ಯಾರದೋ ಮೊಬೈಲು. ರುಸ್ತಿಕಾ ಡ್ಯೂಟಿಯಲ್ಲಿದ್ದಳು. ಒಂದೊಂದೇ ಹೆಸರು ಸಿಕ್ಕಿದಾಗ ಒಬ್ಬೊಬ್ಬಳೇ ಅತ್ತಳು, ಕುಣಿದಳು. ಮಿಯಾಗಾವ್‌ನವರ ಅಡ್ಡಹೆಸರುಗಳೆಲ್ಲ ಎರಡು ಮೂರು ಅಕ್ಷರಗಳಲ್ಲೇ ಶುರುವಾಗುವುದರಿಂದ ಆ ಜಾಗಕ್ಕೆ ಬಂದಾಗ ಊರಿಗೆ ಊರೇ ಸಾಲುಗಟ್ಟಿತ್ತು. ನುಫಾಬ್ಲೆ ಜೆರಾಮೆಲ್. ನುಫಾಬ್ಲೆ ಲೊವೆಲಿನ್. ಮ್ಯಾಮ್ ಪೋಟೆನ್‌ರ ಬೆರಳು ತಗಲಿ ಪಟ್ಟಿ ಎಲ್ಲಿಗೋ ಜಾರಿಹೋಯಿತು. ಮತ್ತೆ ಹುಡುಕಿದರು. ನುಫಾಬ್ಲೆ ರುಸ್ತಿಕಾ.

ಅವರು ಬೇಕರಿಯವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟರು. ಏಪ್ರನ್ನಿನ ಹಿಟ್ಟೆಲ್ಲ ಮುಖಕ್ಕೆ ಮೆತ್ತಿತು, ಹಾಗೆಯೇ ಜೀಪ್ನಿ ಹತ್ತಿ ಆಸ್ಪತ್ರೆಗೆ ಓಡಿದರು. ರುಸ್ತಿಕಾ ಬೆಡ್‌ಪ್ಯಾನ್ ಹಿಡಿದು ಬರುತ್ತಿದ್ದಳು. ಹಿಟ್ಟು ಮೆತ್ತಿ ನಗುತ್ತಿದ್ದ ಬಿಳಿ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು. ಇದನ್ನು ಚೆಲ್ಲಿ ಬಂದೆ ಮ್ಯಾಮ್, ಒಂದು ನಿಮಿಷ ಎಂದು ಹೋಗಿ, ಚೆಲ್ಲಿ, ತೊಳೆದು, ಕೈ ತೊಳೆದುಕೊಂಡು ಬಂದ ಮೇಲೆಯೇ ಗೋಡೆಗೊರಗಿ ಕೂತಳು. ಆ ದಿನ ಮಧ್ಯಾಹ್ನ ವಾರ್ಡಿನ ಬಂತಾಯ್‌ಗಳೆಲ್ಲ ಸೇರಿ ಅವಳಿಗೆ ಬಚೋಯ್ ಎಂಬ ಶಾವಿಗೆ ಸಾರು ತರಿಸಿ ಬಡಿಸಿದರು, ಅವಳು ಹದಿನೇಳು ವರ್ಷದಲ್ಲಿ ಮೊದಲ ಸಲ ವಾರ್ಡಿನಲ್ಲಿ ಕೂತು ಉಂಡಳು.

ಫೆಬ್ರವರಿಯಲ್ಲಿ ಅದೇ ಆಸ್ಪತ್ರೆಯಲ್ಲಿ ಬೇಕರಿಯವಳ ಪಿತ್ತಕೋಶದ ಕಲ್ಲು ತೆಗೆದರು. ಬಂತಾಯ್ ಆಗಿ ಕೂರಲು ಮ್ಯಾಮ್ ಪೋಟೆನ್ ತಾವೇ ಮುಂದೆ ಬಿದ್ದು ಹೋದರು. ರುಸ್ತಿಕಾಳನ್ನು ನೋಡುವ ಚಪಲ, ಇನ್ನೇನು. ಅವಳು ಈಗ ಅದೇ ವಾರ್ಡಿನ ನರ್ಸ್, ಬಿಳಿ ಉಡುಪು, ಎದೆಯ ಮೇಲೆ ಹೆಸರು. ಪಕ್ಕದ ಮಂಚದಲ್ಲಿ ಹಿಂದಿನ ದಿನ ಆಪರೇಷನ್ ಆದ ಎಳೆ ಬಾಣಂತಿ. ರುಸ್ತಿಕಾ ಅವಳ ನಾಡಿ ಹಿಡಿದು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು, ರಕ್ತದೊತ್ತಡ ನೋಡಿದಳು, ಊಟಕ್ಕೆ ಹೊರಟಿದ್ದ ಎಳೆಯ ಡಾಕ್ಟರನ್ನು ನಿಲ್ಲಿಸಿ ಒಳಗೆ ರಕ್ತ ಹೋಗುತ್ತಿರಬೇಕು ಎಂದಳು. ಆಯ್ತು, ಊಟ ಮುಗಿಸಿ ಬಂದು ನೋಡೋಣ ಎಂದ ಅವನು. ರುಸ್ತಿಕಾ ಮಂಚದ ತುದಿಯ ಚಾರ್ಟ್ ತೆಗೆದು, ನಿಂತಲ್ಲೇ ಬರೆದಳು.

“ಆಗ್ಲಿ ಡಾಕ್ಟರ್,” ಎಂದಳು, ದನಿ ಏರಿಸದೆ. “ಹನ್ನೊಂದು ನಲವತ್ತಕ್ಕೆ ನಿಮಗೆ ಹೇಳಿದೆ ಅಂತ ಬರ್ದಿದೀನಿ. ವಾಪಸ್ ಬರೋದು ಎಷ್ಟು ಗಂಟೆಗೆ ಅಂತ ಹೇಳಿ, ಅದನ್ನೂ ಬರೀಬೇಕು.”

ಡಾಕ್ಟರ್ ಅವಳ ಮುಖ ನೋಡಿದ, ಹಾಳೆ ನೋಡಿದ, ಹಿಂದಕ್ಕೆ ಬಂದು ಬಾಣಂತಿಯ ಹೊಟ್ಟೆಯ ಮೇಲೆ ಕೈಯಿಟ್ಟ. ಅವನ ಮುಖದ ಬಣ್ಣ ಬದಲಾಯಿತು. ಹನ್ನೆರಡೂ ಹತ್ತಕ್ಕೆ ಅವಳನ್ನು ಮತ್ತೆ ಆಪರೇಷನ್ನಿಗೆ ತಳ್ಳಿಕೊಂಡು ಹೋದರು, ಎರಡು ಗಂಟೆಯ ಹೊತ್ತಿಗೆ ಜೀವಂತವಾಗಿ ಕರೆತಂದರು. ಹೊರಗೆ ಕಾದಿದ್ದ ಗಂಡ ಮಗುವನ್ನೆತ್ತಿಕೊಂಡು ಗೋಡೆಗೆ ಹಣೆ ಹಚ್ಚಿ ಬಿಕ್ಕುತ್ತಿದ್ದ.

ಸಂಜೆ ಬಾಣಂತಿಯ ಮಂಚದ ಸುತ್ತ ಯಾರೂ ಇಲ್ಲದಾಗ ಮ್ಯಾಮ್ ಪೋಟೆನ್ ಎದ್ದು ಹೋಗಿ ಚಾರ್ಟ್ ತೆಗೆದರು. ಬೇರೆಯವರ ಚಾರ್ಟ್ ಓದಬಾರದು ಎಂದು ಇಪ್ಪತ್ತೇಳು ತಂಡಗಳಿಗೆ ಪಾಠ ಹೇಳಿದ್ದ ಮಹಾತಾಯಿ ಕಳ್ಳಬೆಕ್ಕಿನ ಹಾಗೆ ಆಚೀಚೆ ನೋಡಿ ಓದಿದರು. ಗಂಟೆ, ನಾಡಿ, ರಕ್ತದೊತ್ತಡ, ಯಾರಿಗೆ ಹೇಳಿದ್ದು. ಕೆಳಗೆ ರುಸ್ತಿಕಾ ನುಫಾಬ್ಲೆ ಎಂಬ ಸಹಿ, ಅದರ ಪಕ್ಕ ನೋಂದಣಿ ಸಂಖ್ಯೆ. ಅಭ್ಯಾಸಬಲದಿಂದ ಅವರ ಕೈ ಚೀಲದಲ್ಲಿದ್ದ ಕೆಂಪು ಪೆನ್ನನ್ನು ಹುಡುಕುತ್ತಿತ್ತು. ಆ ಸಾಲನ್ನು ಎರಡು ಸಲ ಓದಿದರು. ತಿದ್ದುವುದಕ್ಕೆ ಏನೂ ಇರಲಿಲ್ಲ.